ಒಳಗೋ, ಹೊರಗೋ?

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡಿಕೊಡುವ ಅಂಗಡಿಯೊಂದಕ್ಕೆ, ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಗೀಚಿದ ಬ್ರ್ಯಾಕೆಟ್ ಚಿತ್ರ ಹಿಡಿದು ಹೋಗಿದ್ದೆ. ಮಿಸ್ತ್ರಿ ಒಂದು ಗೆರೆಯ ಮೇಲೆ ಉಗುರಿಟ್ಟು ಕೇಳಿದರು: "ಸರ್, ಇದು ಒಳಗ ಹೋಗೇತೇನ್ರೀ, ಹೊರಗ ಬಂದೇತೇನ್ರೀ?"

ಗೀಚಿದ ನನಗೆ ಅದು ತಗ್ಗು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಹಾಳೆ ನೋಡಿದರೆ ಉಬ್ಬು ಅಂದರೂ ನಡೆಯುತ್ತಿತ್ತು.

ಕಂಪ್ಯೂಟರಿಗೆ ಗೆರೆಚಿತ್ರ ಓದಲು ಕಲಿಸಹೊರಟವರಿಗೂ ಎದುರಾದದ್ದು ಇದೇ ಪ್ರಶ್ನೆ. 1963ರಲ್ಲಿ ಅಮೆರಿಕದ ಎಂಐಟಿಯಿಂದ ಎರಡು ಪಿಎಚ್‌ಡಿ ಪ್ರಬಂಧಗಳು ಬಂದವು. ಲ್ಯಾರಿ ರಾಬರ್ಟ್ಸ್ ಅವರದರಲ್ಲಿ ಯಂತ್ರ ಫೋಟೋದಿಂದ ಅಂಚುಗಳನ್ನು ಹೆಕ್ಕಿ, ವಸ್ತುವಿನ ಘನಾಕಾರವನ್ನು ತಾನೇ ಲೆಕ್ಕ ಹಾಕುತ್ತಿತ್ತು. ಐವಾನ್ ಸದರ್ಲ್ಯಾಂಡ್ ಅವರ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂನಲ್ಲಿ ಮನುಷ್ಯ ಲೈಟ್ ಪೆನ್ನಿನಿಂದ ಪರದೆಯ ಮೇಲೆ ಸೊಟ್ಟಪಟ್ಟ ಗೆರೆ ಎಳೆದು 'ಇವೆರಡೂ ಸಮಾಂತರ' ಎಂದು ತಿಳಿಸಿದರೆ, ಯಂತ್ರ ನೆಟ್ಟಗೆ ಮಾಡಿಕೊಡುತ್ತಿತ್ತು. ನನ್ನ ಒಲವು ಎರಡನೆಯದರ ಕಡೆಗೆ.

1971ರಲ್ಲಿ ಡೇವಿಡ್ ಹಫ್‌ಮನ್ (ಫೈಲ್ ಕುಗ್ಗಿಸುವ ಹಫ್‌ಮನ್ ಕೋಡ್‌ನವರೇ) ಮತ್ತು ಮ್ಯಾಕ್ಸ್ ಕ್ಲೋವ್ಸ್, ಪ್ರತ್ಯೇಕವಾಗಿಯೇ, ಗೆರೆಚಿತ್ರ ಓದಲು ಒಂದೇ ಉಪಾಯ ಕಂಡುಕೊಂಡರು. ಪ್ರತಿ ಗೆರೆಯೂ ಉಬ್ಬಿನ ಅಂಚು, ಇಲ್ಲವೇ ತಗ್ಗಿನ ಅಂಚು, ಅದೂ ಅಲ್ಲದಿದ್ದರೆ ಹಿಂದಿನದನ್ನು ಮರೆಮಾಡುವ ಅಂಚು. ಮರೆಮಾಡುವ ಮುಖ ಗೆರೆಯ ಯಾವ ಬದಿಗಿದೆ ಎಂಬುದೂ ಸೇರಿ ಒಟ್ಟು 4 ಗುರುತು. ಬಾಣದ ತುದಿಯಂತೆ ಮೂರು ಗೆರೆ ಕೂಡಿದಲ್ಲಿ ಕಾಗದದ ಲೆಕ್ಕಕ್ಕೆ 4×4×4, ಅಂದರೆ 64 ಬಗೆ. ಪ್ರತಿ ಮೂಲೆಯಲ್ಲೂ ಮೂರೇ ಸಮತಲ ಸೇರುವ ವಸ್ತುವಿನಲ್ಲಿ ಆಗುವಂಥವು ಬರೀ 3! ಒಂದು ಗೆರೆಯ ಎರಡೂ ತುದಿಗೆ ಒಂದೇ ಗುರುತು ಇರಬೇಕಾದ್ದರಿಂದ, ಒಂದು ಮೂಲೆ ತೀರ್ಮಾನವಾದರೆ ಪಕ್ಕದ ಮೂಲೆಯ ಆಯ್ಕೆಗಳೂ ಉದುರುತ್ತವೆ.

ಇಷ್ಟಾದರೂ ಗೊಂದಲ ಪೂರ್ತಿ ಕರಗುವುದಿಲ್ಲ. ಒಂಬತ್ತು ಗೆರೆಯ ಸಾದಾ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಅದು ಗಾಳಿಯಲ್ಲಿ ತೇಲುತ್ತಿರಬಹುದು, ಮೇಜಿನ ಮೇಲೆ ಕೂತಿರಬಹುದು, ಗೋಡೆಗೆ ಅಂಟಿರಬಹುದು. ಮೂರೂ ನಿಯಮಕ್ಕೆ ಸರಿ. ಬೇರೆಬೇರೆಯಾಗುವುದು ಹೊರ ಅಂಚಿನ ಗುರುತು ಮಾತ್ರ. ಯಾವುದು ಅಂತ ಹಾಳೆಯಲ್ಲಿ ಎಲ್ಲೂ ಬರೆದಿಲ್ಲ, ಬಿಡಿಸಿದವರ ತಲೆಯಲ್ಲಿದೆ. ಎಷ್ಟೇ ವೇಗದ ಪ್ರೊಸೆಸರ್ ತಂದರೂ ಆ ಉತ್ತರ ಹಾಳೆಯಿಂದ ಸಿಗುವುದಿಲ್ಲ. ಆದ್ದರಿಂದ ಯಂತ್ರ ಕೇಳಲೇಬೇಕು. ಹಾಗಂತ ಗೆರೆಗೊಂದು ಪ್ರಶ್ನೆ ಹಾಕಿದರೆ ಯಾರೂ ಅದನ್ನು ಬಳಸಲಾರರು. ಯಾವ ಗೆರೆಗೆ ಉತ್ತರ ಸಿಕ್ಕರೆ ಹೆಚ್ಚು ಗೆರೆಗಳ ಹಣೆಬರಹ ಗೊತ್ತಾಗುತ್ತದೋ ಅದನ್ನೇ ಆರಿಸಿ ಕೇಳಬೇಕು.

ನನ್ನ ಚಿತ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಗೆರೆಗಳಿದ್ದವು. "ಒಳಗ್ರಿ" ಅಂದೆ. ಮಿಸ್ತ್ರಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಮತ್ತೇನೂ ಕೇಳದೆ ಹಲಗೆಯ ಮೇಲೆ ಅಳತೆ ಹಾಕತೊಡಗಿದರು.