ಹೊಟ್ಟೆ ಒತ್ತಿ ಸ್ಟ್ರೆಸ್ ಅಳೆಯುವವರಿಗೆ

ಟೋಕಿಯೋದ ನಿಶಿ ಕಸಾಯಿ ಕಡೆ ನಮ್ಮ ಐಟಿ ಮಂದಿ ಜಾಸ್ತಿ. ಕಾಂಪೋ, ಅಂದರೆ ಜಪಾನಿನ ಸಾಂಪ್ರದಾಯಿಕ ಗಿಡಮೂಲಿಕೆ ವೈದ್ಯ, ನೋಡುವ ನನ್ನಂಥವರ ಹತ್ತಿರ ಬರುವಾಗಲೇ ಕೆಲವರು ಅರ್ಧ ಕಾಯಿಲೆ ತಾವೇ ಕಂಡುಹಿಡಿದಿರುತ್ತಾರೆ. "ಡಾಕ್ಟ್ರೇ, ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿದೆ, ಸ್ಟ್ರೆಸ್ ಅಲ್ವಾ?" ಹೇಗೆ ನೋಡಿದಿರಿ ಅಂದರೆ, ಮಲಗಿ, ತಲೆ ಎತ್ತಿಕೊಂಡು ಒತ್ತಿದೆ ಅನ್ನುತ್ತಾರೆ. ಸ್ವಾಮಿ, ತಲೆ ಎತ್ತಿದರೆ ಯಾರ ಹೊಟ್ಟೆಯಾದರೂ ಗಟ್ಟಿಯಾಗುತ್ತದೆ! ನಾವು ಕಾಲು ಚಾಚಿಸಿ, ಮೈ ಸಡಿಲ ಬಿಡಿಸಿ ನೋಡುತ್ತೇವೆ.

ಪಕ್ಕೆಲುಬಿನ ಕೆಳಗಿನ ಈ ಗಟ್ಟಿತನಕ್ಕೆ ಜಪಾನಿನಲ್ಲಿ ಕ್ಯೋಕ್ಯೋ ಕುಮನ್ ಅನ್ನುತ್ತಾರೆ. ಮನಸ್ಸಿನ ಒತ್ತಡ ಇರುವವರಲ್ಲಿ ಇದು ಕಾಣುವುದು ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಇದು ಒತ್ತಡ ಅಳೆಯುವ ಮೀಟರ್ ಅಲ್ಲ. ಮತ್ತೆ ಹೇಳುತ್ತೇನೆ, ಯಾಕೆಂದರೆ ಹೇಳಿದ ಮೇಲೂ "ಹಾಗಾದರೆ ಎಷ್ಟು ಪರ್ಸೆಂಟ್ ಸ್ಟ್ರೆಸ್?" ಅಂತ ಕೇಳುತ್ತಾರೆ: ಆ ಗಟ್ಟಿತನ ಯಾವ ಔಷಧಿ ಹೊಂದುತ್ತದೆ ಅನ್ನುವುದಕ್ಕೆ ಒಂದು ಸುಳಿವು, ಅಷ್ಟೇ. ನಾಡಿ, ನಾಲಿಗೆ, ನಿದ್ದೆ, ಬೆವರು ಎಲ್ಲ ಸೇರಿಸಿಯೇ ತೀರ್ಮಾನ. ಉದಾಹರಣೆಗೆ ಇಬ್ಬರಿಗೂ ಪಕ್ಕೆಯ ಕೆಳಗೆ ಗಟ್ಟಿ, ಹೊಕ್ಕುಳ ಮೇಲೆ ಅದೇ ಬಡಿತ, ನಿದ್ದೆಯಿಲ್ಲ, ಗಾಬರಿ. ಆದರೂ ಗಟ್ಟಿಮುಟ್ಟಾದವರಿಗೆ ಸಾಯಿಕೋ ಕಾ ರ್ಯೂಕೋತ್ಸು ಬೋರೇ ತೋ ಅನ್ನುವ ಔಷಧಿ, ಸೊರಗಿದವರಿಗೆ ಸಾಯಿಕೋ ಕೇಶಿ ಕಾನ್ಕ್ಯೋ ತೋ ಅನ್ನುವ ಬೇರೆಯದು. (ಬೋರೇ ಅಂದರೆ ಸಿಂಪಿ ಚಿಪ್ಪು, ರ್ಯೂಕೋತ್ಸು ಪ್ರಾಣಿಗಳ ಮೂಳೆಯ ಪಳೆಯುಳಿಕೆ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ಒಳ್ಳೆಯದು. ಅರ್ಧ ಡಬ್ಬಿ ಮುಗಿಸಿ ಫೋನ್ ಮಾಡಿ ಬೈಯುವ ಒಬ್ಬ ಅಮ್ಮ ಇದ್ದಾರೆ, ಅವರನ್ನು ಕಂಡರೆ ನನಗೆ ಪ್ರೀತಿಯೇ.)

ಹೊಕ್ಕುಳ ಬಳಿ ಬಡಿತ ಕಂಡು ಹೆದರುವ ತೆಳ್ಳಗಿನ ಹುಡುಗರೂ ಬರುತ್ತಾರೆ. ಅದು ಬಹುಪಾಲು ಮಹಾಧಮನಿ, ತೆಳ್ಳಗಿದ್ದರೆ ಕೈಗೆ ಸಿಗುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದಿದವರಲ್ಲಿ, ಅಗಲವಾಗಿ ಬಡಿದರೆ ಅಲ್ಟ್ರಾಸೌಂಡ್ ಬೇಕು, ಕಷಾಯ ಅಲ್ಲ. ಬಲಪಕ್ಕೆಯಲ್ಲಿ ನೋವು, ಜ್ವರ ಇದ್ದರೆ ಪಿತ್ತಕೋಶದ ಕಲ್ಲೂ ಇರಬಹುದು. ಎಲ್ಲವನ್ನೂ ಆಫೀಸಿನ ಮೇಲೆ ಹಾಕಿ ಸುಮ್ನೆ ಕೂರಬೇಡಿ.

ಇನ್ನೊಂದು ವಿಷಯ. ಸಿಟ್ಟು, ಕಿರಿಕಿರಿಗೆ ಕೊಡುವ ಯೊಕುಕಾನ್‌ಸಾನ್ ಪುಡಿಯನ್ನು ಗೆಳೆಯನಿಂದ ಇಸ್ಕೊಂಡು ತಿನ್ನಬೇಡಿ. ಅದರಲ್ಲಿ ಅತಿಮಧುರ ಇದೆ. ಕೆಲವರಿಗೆ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತದೆ. ನೀರಿಳಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನೂ ತನ್ನಿ.