ಬಗ್ ಕಾಣುವುದು ಒಂದು ಕಡೆ, ಇರುವುದು ಇನ್ನೊಂದು ಕಡೆ

ಸ್ಕ್ರೀನ್ ಮೇಲೆ ಏನೋ ತಪ್ಪು ಕಂಡ ತಕ್ಷಣ ನಮ್ಮ ಕೈ ಸೀದಾ ಕೋಡಿಗೆ ಹೋಗುತ್ತದೆ. ಸ್ಕ್ರೀನಿನ ಆ ಭಾಗವನ್ನು ಕಟ್ಟುವ ಕೋಡ್, ಅಂದರೆ ಆ ಕಾಂಪೊನೆಂಟಿನ ಫೈಲ್ ತೆರೆಯುತ್ತೇವೆ, ಒಂದು ಇಫ್ ಷರತ್ತು ಸೇರಿಸುತ್ತೇವೆ, ಸೇವ್ ಮಾಡಿ ನೋಡುತ್ತೇವೆ. ಸರಿಹೋಗದಿದ್ದರೆ ಇನ್ನೊಂದು ಇಫ್. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್‌ನಲ್ಲಿ ಬರೆದ ಅಪ್ಲಿಕೇಶನ್‌ಗಳನ್ನು, ಅದರಲ್ಲೂ ಬೇರೆಯವರು ಬರೆದಿಟ್ಟದ್ದನ್ನು ರಿಪೇರಿ ಮಾಡುವುದೇ ನನ್ನ ಕೆಲಸದ ದೊಡ್ಡ ಪಾಲು. ತಂಡಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ತಪ್ಪು ಎಲ್ಲಿ ಹುಟ್ಟಿದೆ ಎಂದು ಗೊತ್ತಾಗುವವರೆಗೆ ಒಂದಕ್ಷರವನ್ನೂ ಬದಲಾಯಿಸಬೇಡಿ, ಸುಮ್ನೆ ನೋಡಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ರಿಯಾಕ್ಟ್‌ನಂಥ ಫ್ರೇಮ್‌ವರ್ಕ್ ಬರುವ ಮುಂಚೆ ಪುಟವನ್ನು ನಾವೇ ಕೈಯಾರೆ ಬದಲಾಯಿಸುತ್ತಿದ್ದೆವು. ತಪ್ಪು ಕಂಡ ಜಾಗವನ್ನು ಯಾವ ಸಾಲು ಮುಟ್ಟಿದೆ ಎಂದು ಹುಡುಕಿದರೆ ಕಳ್ಳ ಸಿಗುತ್ತಿದ್ದ. ಈಗ ನಾವು ಮುಟ್ಟುವುದು ಸ್ಟೇಟನ್ನು, ಅಂದರೆ ಕಾಂಪೊನೆಂಟ್ ನೆನಪಿಟ್ಟುಕೊಂಡ ಡೇಟಾವನ್ನು ಮಾತ್ರ, ಪುಟವನ್ನು ಮುಟ್ಟುವುದು ಫ್ರೇಮ್‌ವರ್ಕ್. ಹಾಗಾಗಿ ಸರ್ವರಿನಿಂದ ಬಂದ ಡೇಟಾ, ಅದನ್ನು ಇಟ್ಟುಕೊಂಡ ಸ್ಟೇಟ್, ಕೊನೆಗೆ ಕಾಣುವ ಸ್ಕ್ರೀನ್, ಈ ಮೂರು ನಿಲ್ದಾಣಗಳಲ್ಲಿ ಎಲ್ಲಿಯವರೆಗೆ ಎಲ್ಲ ಸರಿಯಾಗಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬಿನಲ್ಲಿ ಸರ್ವರ್ ಕಳಿಸಿದ ರೆಸ್ಪಾನ್ಸ್ ನೋಡಿ. ಆಮೇಲೆ ರಿಯಾಕ್ಟ್ ಡೆವ್‌ಟೂಲ್ಸ್ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ನಿನ ಕಾಂಪೊನೆಂಟ್ಸ್ ಟ್ಯಾಬಿನಲ್ಲಿ ಪ್ರಾಪ್ಸ್ (ಮೇಲಿನ ಕಾಂಪೊನೆಂಟ್ ಕೊಟ್ಟ ಡೇಟಾ), ಸ್ಟೇಟ್ ಎರಡನ್ನೂ ನೋಡಿ. ಎರಡೇ ನಿಮಿಷದ ಕೆಲಸ.

ಒಂದು ಸಲ ನನ್ನ ಹತ್ತಿರ ಒಂದು ಫಾರ್ಮ್ ಬಂತು. ಅದರಲ್ಲಿ ಹಲವು ಸಾಲುಗಳು, ಪ್ರತಿ ಸಾಲಿನಲ್ಲೂ ಒಂದು ಹೆಸರು ಮತ್ತು ಟಿಪ್ಪಣಿ ಬರೆಯಲು ಒಂದು ಪೆಟ್ಟಿಗೆ. ನಡುವಿನ ಸಾಲನ್ನು ಅಳಿಸಿದರೆ ಹೆಸರು ಸರಿಯಾಗಿ ಹೋಗುತ್ತಿತ್ತು, ಆದರೆ ಅದರ ಟಿಪ್ಪಣಿ ಮಾತ್ರ ಉಳಿದು ಕೆಳಗಿನವರ ಹೆಸರಿನ ಪಕ್ಕ ಬಂದು ಕೂರುತ್ತಿತ್ತು. ಸರ್ವರಿನ ಡಿಲೀಟ್ ಎಪಿಐ ತಪ್ಪು ಸಾಲನ್ನು ಅಳಿಸುತ್ತಿದೆ ಎಂದುಕೊಂಡು ತಂಡದವರು ಎರಡು ದಿನ ಬ್ಯಾಕೆಂಡ್ ಕೋಡನ್ನೇ ಜಾಲಾಡಿದ್ದರು. ನೆಟ್‌ವರ್ಕ್ ಟ್ಯಾಬಿನಲ್ಲಿ ನೋಡಿದರೆ ಸರ್ವರ್ ಕಳಿಸಿದ ಪಟ್ಟಿ ಸರಿಯಾಗೇ ಇತ್ತು. ಮೇಲಿನ ಕಾಂಪೊನೆಂಟಿನ ಸ್ಟೇಟೂ ಸರಿ. ಒಂದು ಹಂತ ಕೆಳಗಿಳಿದು ಸಾಲಿನ ಕಾಂಪೊನೆಂಟ್ ಒಳಗೆ ನೋಡಿದಾಗ, ಅಳಿಸಿದ ಸಾಲಿನ ಟಿಪ್ಪಣಿ ಅಲ್ಲೇ ಕೂತಿತ್ತು.

ಕಾರಣ ಕೀ, ಅಂದರೆ ಪಟ್ಟಿಯ ಪ್ರತಿ ಸಾಲಿಗೂ ನಾವು ರಿಯಾಕ್ಟ್‌ಗೆ ಕೊಡುವ ಗುರುತು. ಪಟ್ಟಿಯ ಇಂಡೆಕ್ಸನ್ನೇ (ಸಾಲಿನ ಸ್ಥಾನದ ಸಂಖ್ಯೆ) ಕೀ ಆಗಿ ಕೊಟ್ಟಿದ್ದರು. ಮೂರು ಸಾಲುಗಳಿಗೆ 0, 1, 2 ಎಂಬ ಕೀಗಳು. ನಡುವಿನದನ್ನು ತೆಗೆದ ಮೇಲೆ ಉಳಿದ ಎರಡಕ್ಕೆ 0, 1. ರಿಯಾಕ್ಟ್ ಇದನ್ನು ನೋಡಿ ‘2 ಹೋಯಿತು, ಉಳಿದವರು ಇದ್ದಲ್ಲೇ ಇದ್ದಾರೆ’ ಎಂದು ತಿಳಿಯುತ್ತದೆ. ಅದಕ್ಕೆ ನಮ್ಮ ಡೇಟಾದ ಅರ್ಥ ಗೊತ್ತಿಲ್ಲ, ಕೀ ಒಂದೇ ಗುರುತು. ಹಾಗಾಗಿ ಕೊನೆಯ ಕಾಂಪೊನೆಂಟನ್ನು ಕಿತ್ತು ಹಾಕಿ, ನಡುವಿನದಕ್ಕೆ ಹೊಸ ಹೆಸರು ಕೊಟ್ಟು, ಅದರೊಳಗಿನ ಹಳೆಯ ಟಿಪ್ಪಣಿಯನ್ನು ಹಾಗೇ ಉಳಿಸಿಕೊಂಡಿತು. ಸಾಲಿನ ಐಡಿಯನ್ನು ಕೀ ಮಾಡಿದ ಮೇಲೆ ಸರಿಹೋಯಿತು. ರಿಯಾಕ್ಟ್‌ನಂಥದೇ ಇನ್ನೊಂದಾದ ವ್ಯೂನಲ್ಲೂ ಇದೇ ಕಥೆ.

ಇದರ ಅಣ್ಣತಮ್ಮ ಇನ್ನೊಂದಿದೆ. ಪಟ್ಟಿಗೆ ಐಟಂ ಸೇರಿಸಿದರೆ ಸ್ಕ್ರೀನ್ ಅಲ್ಲಾಡುವುದಿಲ್ಲ, ಬೇರೇನೋ ಕ್ಲಿಕ್ ಮಾಡಿದಾಗ ದಿಢೀರನೆ ಪ್ರತ್ಯಕ್ಷ. ಇದ್ದ ಅರೇಗೇ (ಕೋಡಿನಲ್ಲಿ ಪಟ್ಟಿ ಇಡುವ ಜಾಗ) ಐಟಂ ಪುಶ್ ಮಾಡಿ ಅದನ್ನೇ ವಾಪಸ್ ಸ್ಟೇಟಿಗೆ ಕೊಟ್ಟಿರುತ್ತೀರಿ. ಅರೇ ಅದೇ ಆಗಿದ್ದರೆ ರಿಯಾಕ್ಟ್ ಏನೂ ಬದಲಾಗಿಲ್ಲ ಎಂದೇ ತಿಳಿಯುತ್ತದೆ. ಹೊಸ ಅರೇ ಮಾಡಿ ಕೊಡಿ.

ಎಲ್ಲಕ್ಕಿಂತ ಜಾಸ್ತಿ ಸಮಯ ತಿನ್ನುವುದು ಹಳೆಯ ಬೆಲೆಯನ್ನು (ವ್ಯಾಲ್ಯೂ) ಹಿಡಿದುಕೊಂಡು ಕೂತ ಫಂಕ್ಷನ್. 2019ರಲ್ಲಿ ರಿಯಾಕ್ಟ್ 16.8ರ ಜೊತೆ ಹುಕ್ಸ್ (ಫಂಕ್ಷನ್ ಆಗಿ ಬರೆದ ಕಾಂಪೊನೆಂಟಿನಲ್ಲೂ ಸ್ಟೇಟ್ ಇಡುವ ದಾರಿ) ಬಂದ ಮೇಲೆ ಇದು ಎಲ್ಲ ಕಡೆ ಕಾಣುತ್ತದೆ. ಸ್ಕ್ರೀನ್ ತಯಾರಾದ ಮೇಲೆ ಕೋಡ್ ಓಡಿಸುವ ಹುಕ್ ಯೂಸ್‌ಎಫೆಕ್ಟ್, ಅದರ ಒಳಗೆ ಸೆಟ್‌ಇಂಟರ್ವಲ್ ಎಂಬ ಟೈಮರ್ ಹಾಕಿ, ಪ್ರತಿ ಸೆಕೆಂಡಿಗೆ ಕೌಂಟಿಗೆ ಒಂದು ಕೂಡಿಸಿ, ಯಾವುದು ಬದಲಾದರೆ ಎಫೆಕ್ಟ್ ಮತ್ತೆ ಓಡಬೇಕು ಎಂದು ಹೇಳುವ ಡಿಪೆಂಡೆನ್ಸಿ ಅರೇ ಖಾಲಿ ಬಿಡಿ. ಕೌಂಟರ್ 1ಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಟೈಮರ್ ನಿಂತಿದೆ ಅನಿಸುತ್ತದೆ ಅಲ್ವಾ? ನಿಂತಿಲ್ಲ, ಓಡುತ್ತಲೇ ಇದೆ. ರಿಯಾಕ್ಟ್ ಕಾಂಪೊನೆಂಟನ್ನು ಓಡಿಸುವ ಪ್ರತಿ ಸಲವೂ ಒಂದು ರೆಂಡರ್, ಪ್ರತಿ ರೆಂಡರ್ ಒಂದು ಫೋಟೋ ಇದ್ದ ಹಾಗೆ, ಆ ರೆಂಡರಿನಲ್ಲಿ ಹುಟ್ಟಿದ ಫಂಕ್ಷನ್‌ಗೆ ಆ ಫೋಟೋದಲ್ಲಿ ಇದ್ದ ಬೆಲೆಗಳು ಮಾತ್ರ ಗೊತ್ತು. ನಮ್ಮ ಟೈಮರಿನ ಫಂಕ್ಷನ್ ಮೊದಲ ಫೋಟೋದ್ದು, ಅದಕ್ಕೆ ಕೌಂಟ್ ಯಾವಾಗಲೂ 0. ಪ್ರತಿ ಸೆಕೆಂಡಿಗೂ ಸೊನ್ನೆಗೆ ಒಂದು ಕೂಡಿಸಿ 1 ಎಂದು ಬರೆಯುತ್ತಿರುತ್ತದೆ. ಸೆಟ್ ಮಾಡುವಾಗ ಬೆಲೆ ಕೊಡುವ ಬದಲು, ಹಿಂದಿನ ಬೆಲೆ ತೆಗೆದುಕೊಂಡು ಹೊಸದನ್ನು ಕೊಡುವ ಫಂಕ್ಷನ್ ಕೊಟ್ಟರೆ ಸರಿಯಾಗುತ್ತದೆ. ಡಿಪೆಂಡೆನ್ಸಿ ಬಿಟ್ಟುಹೋಗಿದೆ ಎಂದು ಕೋಡ್ ತಪಾಸಣೆ ಮಾಡುವ ಈಎಸ್‌ಲಿಂಟ್ ಎಚ್ಚರಿಸಿದಾಗ ಅದರ ಬಾಯಿ ಮುಚ್ಚಿಸುವ ಕಾಮೆಂಟ್ ಹಾಕುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ. ನಾನು ಹುಡುಕಿದ ಇಂಥ ಬಗ್‌ಗಳಲ್ಲಿ ಬಹಳಷ್ಟು ಆ ಕಾಮೆಂಟಿನ ಕೆಳಗೇ ಸಿಕ್ಕಿವೆ.

ನೋಡಿ ನೋಡಿ ಎಂದು ಹೇಳುತ್ತಿದ್ದೇನೆ, ಆದರೆ ನೋಡುವಾಗಲೂ ಒಂದು ಮೋಸವಿದೆ. ಕನ್ಸೋಲ್ ಲಾಗ್‌ನಲ್ಲಿ ಆಬ್ಜೆಕ್ಟ್ ಪ್ರಿಂಟ್ ಮಾಡಿ, ಆಮೇಲೆ ಬಾಣದ ಗುರುತು ಒತ್ತಿ ಬಿಡಿಸಿದರೆ ಕಾಣುವುದು ಬಿಡಿಸಿದ ಹೊತ್ತಿನ ಬೆಲೆ, ಲಾಗ್ ಆದ ಹೊತ್ತಿನದಲ್ಲ. ನಡುವೆ ಬೇರೆ ಕೋಡ್ ಅದನ್ನು ಬದಲಾಯಿಸಿದ್ದರೆ, ಆಗ ಇಲ್ಲದ ಡೇಟಾ ಆಗಲೇ ಇತ್ತು ಎಂದು ನಂಬಿಬಿಡುತ್ತೀರಿ. ಜೇಸನ್ ಸ್ಟ್ರಿಂಗಿಫೈ ಮಾಡಿ, ಅಂದರೆ ಆಬ್ಜೆಕ್ಟನ್ನು ಆಗಲೇ ಪಠ್ಯ ಮಾಡಿ ಪ್ರಿಂಟ್ ಮಾಡಿ, ಇಲ್ಲವೇ ಬ್ರೇಕ್‌ಪಾಯಿಂಟ್ ಹಾಕಿ ಕೋಡನ್ನು ಆ ಸಾಲಿನಲ್ಲೇ ನಿಲ್ಲಿಸಿ ನೋಡಿ. ನೂರು ಸಾಲಿನ ಪಟ್ಟಿಯಲ್ಲಿ ಒಂದೇ ಸಾಲು ಕೆಟ್ಟಿದ್ದರೆ ಷರತ್ತು ಇರುವ ಬ್ರೇಕ್‌ಪಾಯಿಂಟ್ ಹಾಕಿ, ಆ ಐಡಿ ಬಂದಾಗ ಮಾತ್ರ ನಿಲ್ಲುತ್ತದೆ.

ಎಫೆಕ್ಟ್ ಎರಡು ಸಲ ಓಡುತ್ತಿದೆ ಎಂಬ ದೂರೂ ಆಗಾಗ ಬರುತ್ತದೆ. 2022ರಲ್ಲಿ ಬಂದ ರಿಯಾಕ್ಟ್ 18ರಿಂದ, ಡೆವಲಪ್‌ಮೆಂಟಿನಲ್ಲಿ ಮಾತ್ರ, ಅಡಗಿದ ತಪ್ಪುಗಳನ್ನು ಹೊರಗೆಳೆಯುವ ಸ್ಟ್ರಿಕ್ಟ್ ಮೋಡ್ ಬೇಕೆಂದೇ ಹಾಗೆ ಮಾಡುತ್ತದೆ. ಅದನ್ನು ತೆಗೆದು ಹಾಕಬೇಡಿ. ಎರಡು ಸಲ ಓಡಿದ್ದಕ್ಕೆ ಏನಾದರೂ ಕೆಟ್ಟರೆ ಹೆಚ್ಚಾಗಿ ನಿಮ್ಮ ಕ್ಲೀನಪ್, ಅಂದರೆ ಎಫೆಕ್ಟ್ ಶುರು ಮಾಡಿದ್ದನ್ನು ನಿಲ್ಲಿಸುವ ಫಂಕ್ಷನ್, ಬಿಟ್ಟುಹೋಗಿದೆ.

ಕ್ಲೀನಪ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸರ್ಚ್ ಪೆಟ್ಟಿಗೆ ನೋಡಿ. ಬಳಕೆದಾರರು ಬೇಗ ಬೇಗ ಟೈಪ್ ಮಾಡುತ್ತಾರೆ, ಪ್ರತಿ ಅಕ್ಷರಕ್ಕೂ ಒಂದು ರಿಕ್ವೆಸ್ಟ್ ಹೋಗುತ್ತದೆ, ಮೊದಲು ಹೋದದ್ದರ ಉತ್ತರ ಕೊನೆಗೆ ಬಂದರೆ ಪೆಟ್ಟಿಗೆಯಲ್ಲಿ ಒಂದು ಪದ, ಕೆಳಗೆ ಬೇರೆ ಪದದ ಫಲಿತಾಂಶ. ಸರ್ವರ್ ನಮ್ಮದೇ ಲ್ಯಾಪ್‌ಟಾಪಿನಲ್ಲಿ ಇರುವಾಗ ಇದು ಕಾಣುವುದು ತೀರಾ ಕಡಿಮೆ. ಸರ್ವರಿನಲ್ಲಿ ಮೊದಲ ರಿಕ್ವೆಸ್ಟಿಗೆ ಮಾತ್ರ ಮೂರು ಸೆಕೆಂಡ್ ತಡ ಸೇರಿಸಿ, ತಕ್ಷಣ ಕಾಣುತ್ತದೆ. ಕ್ಲೀನಪ್‌ನಲ್ಲಿ ಅಬಾರ್ಟ್‌ಕಂಟ್ರೋಲರ್ ಬಳಸಿ ಹಳೆಯ ರಿಕ್ವೆಸ್ಟನ್ನು ನಿಲ್ಲಿಸಿ.

ಬಗ್ ಪ್ರೊಡಕ್ಷನ್‌ನಲ್ಲಿ (ಬಳಕೆದಾರರು ಬಳಸುವ ಆವೃತ್ತಿ) ಮಾತ್ರ ಬಂದರೆ, ಕುಗ್ಗಿಸಿದ ಕೋಡಿನಿಂದ ನಾವು ಬರೆದ ಮೂಲ ಸಾಲನ್ನು ತೋರಿಸುವ ಸೋರ್ಸ್ ಮ್ಯಾಪ್ ಮೊದಲು ಬೇಕು, ಇಲ್ಲದಿದ್ದರೆ ಒಂದೇ ಸಾಲಿಗೆ ಕುಗ್ಗಿಸಿದ ಕೋಡಿನಲ್ಲಿ ಏನೂ ಅರ್ಥವಾಗುವುದಿಲ್ಲ. ಕಳೆದ ತಿಂಗಳು ಸರಿಯಿತ್ತು, ಈಗ ಇಲ್ಲ, ಯಾರು ಏನು ಮುಟ್ಟಿದರೋ ಗೊತ್ತಿಲ್ಲ ಎಂಬ ಪರಿಸ್ಥಿತಿಯಲ್ಲಿ, ಕೋಡಿನ ಇತಿಹಾಸ ಇಡುವ ಗಿಟ್‌ನ ಬೈಸೆಕ್ಟ್ ಆಜ್ಞೆ ಬಳಸಿ. ಅದು ಪ್ರತಿ ಸಲ ಉಳಿದ ಕಮಿಟ್‌ಗಳನ್ನು (ಉಳಿಸಿಟ್ಟ ಒಂದೊಂದು ಬದಲಾವಣೆ) ಅರ್ಧ ಮಾಡುತ್ತಾ ಹೋಗುತ್ತದೆ, 1000 ಕಮಿಟ್ ಇದ್ದರೂ ಸುಮಾರು 10 ಸಲ ಪರೀಕ್ಷಿಸಿದರೆ ಕೆಡಿಸಿದ ಕಮಿಟ್ ಸಿಗುತ್ತದೆ. ಅದು ಚಿಕ್ಕದಿದ್ದರೆ ಕಾರಣ ಓದಿದರೇ ಗೊತ್ತಾಗುತ್ತದೆ. ನಲವತ್ತು ಫೈಲ್ ಒಟ್ಟಿಗೆ ಬದಲಾಗಿದ್ದರೆ ಆ ಕಮಿಟನ್ನೂ ಅದರ ಹಿಂದಿನದನ್ನೂ ಎರಡು ವಿಂಡೋಗಳಲ್ಲಿ ಪಕ್ಕಪಕ್ಕ ಓಡಿಸಿ, ನೆಟ್‌ವರ್ಕ್ ಟ್ಯಾಬಿನಿಂದ ಶುರು ಮಾಡಿ, ಮೊದಲ ವ್ಯತ್ಯಾಸ ಸಿಗುವವರೆಗೆ ಒಂದೊಂದೇ ನಿಲ್ದಾಣ ಹೋಲಿಸುತ್ತಾ ಬನ್ನಿ.