ಈವಾರ್: ಉಬ್ಬಿದ ರಕ್ತನಾಳದೊಳಗೆ ಇನ್ನೊಂದು ಕೊಳವೆ

ಹೊಟ್ಟೆಯ ಮಹಾಪಧಮನಿ ಬಲೂನಿನ ಹಾಗೆ ಉಬ್ಬಿಕೊಂಡಿದ್ದರೆ ಅದಕ್ಕೆ ಅನ್ಯೂರಿಸಂ ಅನ್ನುತ್ತಾರೆ. ಉಬ್ಬು ದೊಡ್ಡದಾಗಿದ್ದರೆ ಡಾಕ್ಟರು ಎರಡು ಹೆಸರು ಹೇಳುತ್ತಾರೆ: ಓಪನ್ ಸರ್ಜರಿ, ಇಲ್ಲವೇ ಈವಾರ್. ಈವಾರ್ ಅಂದರೆ ಸುಮ್ನೆ ‘ಚಿಕ್ಕ ಗಾಯದ ಆಪರೇಷನ್’ ಅಂದುಕೊಳ್ಳುವವರುಂಟು. ಗಾಯ ಚಿಕ್ಕದು, ನಿಜ. ಆದರೆ ಒಳಗೆ ನಡೆಯುವ ಕೆಲಸವೇ ಬೇರೆ.

ಹೊಟ್ಟೆಯಲ್ಲಿ ಈ ರಕ್ತನಾಳದ ಅಗಲ ಸುಮಾರು 2 ಸೆಂ.ಮೀ. ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ. ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಕಣ್ಣಿಗೆ ಬೀಳುತ್ತದೆ. ವಯಸ್ಸಾದ, ಸಿಗರೇಟು ಸೇದುವ ಗಂಡಸರಲ್ಲಿ ಜಾಸ್ತಿ. ಗಂಡಸರಿಗೆ 5.5, ಹೆಂಗಸರಿಗೆ 5 ಸೆಂ.ಮೀ. ಆಗುವ ತನಕ ಹೆಚ್ಚಾಗಿ ಸ್ಕ್ಯಾನ್ ಮಾಡುತ್ತಾ ಕಾಯುತ್ತಾರೆ. ಒಡೆದರೆ ಮಾತ್ರ ಬದುಕುವವರು ಕಡಿಮೆ. ಐನ್‌ಸ್ಟೈನ್ 1955ರಲ್ಲಿ ತೀರಿಕೊಂಡದ್ದು ಇದರಿಂದಲೇ. ಅವರ ಉಬ್ಬಿನ ಸುತ್ತ 1948ರಲ್ಲೇ ಸೆಲ್ಲೋಫೇನ್ ಹಾಳೆ ಸುತ್ತಿದ್ದರು. ಆ ಕಾಲದ ಉಪಾಯ ಅದು!

ಉಬ್ಬಿದ ಭಾಗವನ್ನು ತೆಗೆದು ಬೇರೆ ನಾಳ ಜೋಡಿಸುವ ಕೆಲಸವನ್ನು 1951ರಲ್ಲಿ ಪ್ಯಾರಿಸ್‌ನ ಚಾರ್ಲ್ಸ್ ದ್ಯುಬೋ ಮಾಡಿ ತೋರಿಸಿದರು. ಈಗಿನ ಓಪನ್ ಸರ್ಜರಿಯಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಕರುಳನ್ನು ಪಕ್ಕಕ್ಕೆ ಸರಿಸಿ, ಉಬ್ಬಿನ ಮೇಲೂ ಕೆಳಗೂ ಕ್ಲಾಂಪ್ ಹಾಕಿ ರಕ್ತ ನಿಲ್ಲಿಸುತ್ತಾರೆ. ಉಬ್ಬನ್ನು ಬಿಡಿಸಿ, ಒಳಗೆ ಗಟ್ಟಿಯಾದ ರಕ್ತವನ್ನು ತೆಗೆದು, ಬಟ್ಟೆಯ ಕೊಳವೆಯೊಂದನ್ನು ಎರಡೂ ತುದಿಗೆ ಹೊಲಿಯುತ್ತಾರೆ. ಆಮೇಲೆ ಉಬ್ಬಿನ ಹಳೆಯ ಗೋಡೆಯನ್ನೇ ಅದರ ಮೇಲೆ ಹೊದಿಸಿ ಹೊಲಿದುಬಿಡುತ್ತಾರೆ, ಕರುಳು ಕೊಳವೆಗೆ ತಾಗಬಾರದಲ್ವಾ. ಐಸಿಯು, ಒಂದು ವಾರದ ಆಸ್ಪತ್ರೆ ವಾಸ, ಚೇತರಿಸಿಕೊಳ್ಳಲು ಎರಡು ಮೂರು ತಿಂಗಳು.

ಈವಾರ್ ಎಂದರೆ ಎಂಡೋವಾಸ್ಕ್ಯುಲರ್ ಅನ್ಯೂರಿಸಂ ರಿಪೇರ್, ರಕ್ತನಾಳದ ಒಳಗಿನಿಂದಲೇ ಮಾಡುವ ರಿಪೇರಿ. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ ಹೊಟ್ಟೆಯ ಅನ್ಯೂರಿಸಂಗೆ ಇದನ್ನು ಮಾಡಿದರು. ಇದು ಲ್ಯಾಪರೊಸ್ಕೋಪಿ ಅಲ್ಲ, ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ತೊಡೆಸಂದಿನ ರಕ್ತನಾಳದಿಂದ ತಂತಿ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ, ಮಡಚಿಟ್ಟ ಸ್ಟೆಂಟ್ ಗ್ರಾಫ್ಟನ್ನು (ಲೋಹದ ಜಾಲರಿ ಇರುವ ಬಟ್ಟೆಯ ಕೊಳವೆ) ಮೇಲಕ್ಕೆ ಒಯ್ಯುತ್ತಾರೆ. ಸರಿಯಾದ ಜಾಗದಲ್ಲಿ ಹೊದಿಕೆ ಹಿಂದಕ್ಕೆಳೆದರೆ ಅದು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಆಕಾರ ಪ್ಯಾಂಟಿನದ್ದು, ಆದರೆ ಒಂದು ಕಾಲು ಮೋಟು. ಇನ್ನೊಂದು ತೊಡೆಯಿಂದ ಉಳಿದ ಕಾಲನ್ನು ತಂದು ಆ ಮೋಟಿನೊಳಗೆ ಸಿಕ್ಕಿಸಬೇಕು. ಎರಡು ಮೂರು ದಿನಕ್ಕೆ ಮನೆಗೆ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಓಪನ್‌ನಲ್ಲಿ ಉಬ್ಬಿನ ಕತೆ ಮುಗಿಯಿತು. ಈವಾರ್‌ನಲ್ಲಿ ಉಬ್ಬು ಅಲ್ಲೇ ಇರುತ್ತದೆ, ರಕ್ತದ ಒತ್ತಡ ಮಾತ್ರ ಅದಕ್ಕೆ ತಟ್ಟುವುದಿಲ್ಲ. ಸ್ಟೆಂಟಿನ ಪಕ್ಕದಿಂದಲೋ ಹಿಂದಿನ ಸಣ್ಣ ನಾಳಗಳಿಂದಲೋ ರಕ್ತ ಮತ್ತೆ ಉಬ್ಬಿನೊಳಗೆ ನುಗ್ಗಬಹುದು. ಅದರ ಹೆಸರು ಎಂಡೋಲೀಕ್. ಹಾಗಾಗಿ ಬದುಕಿರುವ ತನಕ ಸ್ಕ್ಯಾನ್ ತಪ್ಪುವುದಿಲ್ಲ.

ಎರಡನ್ನೂ ಹೋಲಿಸಿದ ಬ್ರಿಟನ್‌ನ ಈವಾರ್-1 ಅಧ್ಯಯನದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣಿಸಿತು. ಮೊದಲ 30 ದಿನಗಳಲ್ಲಿ ತೀರಿಕೊಂಡವರು ಈವಾರ್‌ನಲ್ಲಿ ಶೇ. 2ಕ್ಕಿಂತ ಕಡಿಮೆ, ಓಪನ್‌ನಲ್ಲಿ ಶೇ. 4ಕ್ಕಿಂತ ಜಾಸ್ತಿ. ವರ್ಷಗಳು ಕಳೆದಂತೆ ಆ ಲಾಭ ಕರಗಿತು. ಎಂಟು ವರ್ಷದ ನಂತರ ಉಬ್ಬಿನಿಂದಾದ ಸಾವು ಈವಾರ್ ಗುಂಪಿನಲ್ಲೇ ಹೆಚ್ಚಾಯಿತು. ಅದಕ್ಕೇ, ಗಟ್ಟಿಮುಟ್ಟಾಗಿರುವ 60ರ ಆಸುಪಾಸಿನವರಿಗೆ ಓಪನ್ ಹಳೆಯದಾದರೂ ಕೆಟ್ಟ ಆಯ್ಕೆಯಲ್ಲ ಅನ್ನುವುದು ನನ್ನ ಲೆಕ್ಕ. ಹೃದಯ, ಶ್ವಾಸಕೋಶ ದುರ್ಬಲವಾದ 80ರ ಅಜ್ಜನಿಗೆ ಈವಾರೇ ವಾಸಿ.

ಎಷ್ಟೋ ಸಲ ಆಯ್ಕೆ ಮಾಡುವುದು ರಕ್ತನಾಳವೇ. ಕಿಡ್ನಿಯ ನಾಳಗಳಿಗೂ ಉಬ್ಬಿಗೂ ನಡುವೆ 1ರಿಂದ 1.5 ಸೆಂ.ಮೀ. ಆರೋಗ್ಯವಾದ ‘ಕತ್ತು’ ಇದ್ದರೆ ತಾನೇ ಸ್ಟೆಂಟ್ ಕಚ್ಚಿಕೊಳ್ಳುವುದು! ಕತ್ತು ಗಿಡ್ಡವಾಗಿದ್ದರೆ ಕಿಡ್ನಿಗೆ ರಕ್ತ ಹೋಗಲು ತೂತುಗಳಿರುವ ವಿಶೇಷ ಸ್ಟೆಂಟ್ ಬೇಕು, ಇಲ್ಲವೇ ಓಪನ್.